ಊರಿನ ಮನೆಗೆ ಇಂಡಕ್ಷನ್ ಒಲೆ: ಬಳಸಿದವರು ಸ್ವಲ್ಪ ಹೇಳಿ

ಪ್ರಶ್ನೆ, ಬೆಂಗಳೂರಿನಿಂದ:
ಅಪ್ಪ ಅಮ್ಮ ಅರಸೀಕೆರೆ ಹತ್ತಿರದ ಹಳ್ಳಿಯಲ್ಲಿ ಇಬ್ಬರೇ ಇದ್ದಾರೆ. ಗ್ಯಾಸ್ ಕನೆಕ್ಷನ್‌ಗೆ ಇರೋದು ಒಂದೇ ಸಿಲಿಂಡರ್. ಅದು ಖಾಲಿಯಾದರೆ ಇನ್ನೊಂದು ಬರುವವರೆಗೆ ಪರದಾಟ. ಇಂಡಕ್ಷನ್ ಒಲೆ ಕೊಡಿಸೋಣ ಅಂತಿದ್ದೇನೆ. ಅಮ್ಮನ ಪಾತ್ರೆಗಳಲ್ಲಿ ಹೆಚ್ಚಿನವು ಅಲ್ಯೂಮಿನಿಯಂ, ಕುಕ್ಕರ್ ಕೂಡ. ದಿನಾ ಮುದ್ದೆ ಆಗಲೇಬೇಕು. ಆಗಾಗ ಅಕ್ಕಿರೊಟ್ಟಿ, ದೋಸೆ. ಗೃಹಜ್ಯೋತಿಯಲ್ಲಿ ಸೊನ್ನೆ ಬಿಲ್ ಬರುತ್ತಿದೆ, ಅದು ಕೈ ತಪ್ಪುತ್ತಾ ಅಂತ ಅಪ್ಪನ ಚಿಂತೆ.

ಮೈಸೂರಿನಿಂದ:
ಒಲೆ ಯಾವುದು ಅಂತ ಆಮೇಲೆ ನೋಡೋಣ, ಮೊದಲು ಪಾತ್ರೆ ನೋಡಿ. ಫ್ರಿಜ್ ಬಾಗಿಲಿಗೆ ಅಂಟಿಸುವ ಮ್ಯಾಗ್ನೆಟ್ ಒಂದನ್ನು ಊರಿಗೆ ತಗೊಂಡು ಹೋಗಿ. ಪಾತ್ರೆ ತಳಕ್ಕೆ ಗಟ್ಟಿಯಾಗಿ ಕಚ್ಚಿಕೊಂಡರೆ ಆ ಪಾತ್ರೆ ನಡೆಯುತ್ತೆ. ಕಚ್ಚದಿದ್ದರೆ ಇಲ್ಲ. ಅಲ್ಯೂಮಿನಿಯಂ, ತಾಮ್ರ, ಹಿತ್ತಾಳೆ ಯಾವುದೂ ಆಗಲ್ಲ. ಸ್ಟೀಲ್ ಅಂದ ಮಾತ್ರಕ್ಕೂ ಆಗಲ್ಲ, ಕೆಲವು ಸ್ಟೀಲಿಗೆ ಮ್ಯಾಗ್ನೆಟ್ ಹಿಡಿಯೋದೇ ಇಲ್ಲ. ಒಲೆಯೊಳಗಿನ ಕಾಯಿಲ್ (ತಂತಿ ಸುರುಳಿ) ಕಾಂತಕ್ಷೇತ್ರದಿಂದ ಪಾತ್ರೆಯ ತಳವನ್ನೇ ನೇರ ಬಿಸಿ ಮಾಡುತ್ತೆ, ಅದಕ್ಕೇ ಈ ಕಟ್ಟುಪಾಡು. ತಳ ಚಪ್ಪಟೆಯಾಗಿರಬೇಕು, ಗುಂಡು ತಳದ ಬಾಣಲೆ ಬೇಡ.

ಇನ್ನು ಅಡುಗೆ. ಅನ್ನ, ಬೇಳೆ, ಸಾರು, ಕಾಫಿಗೆ ನೀರು, ಹಾಲು ಕಾಯಿಸೋದು, ಇವಕ್ಕೆಲ್ಲ ಇಂಡಕ್ಷನ್ ಬಹಳ ಚೆನ್ನ. ಹಾಲು ಉಕ್ಕುವಾಗ ಬಟನ್ ಒತ್ತಿದರೆ ಆ ಕ್ಷಣವೇ ಇಳಿಯುತ್ತೆ. ಆದರೆ ಅಗ್ಗದ ಒಲೆಗಳಲ್ಲಿ ಉರಿ ಕಮ್ಮಿ ಇಟ್ಟರೆ ಅದು ನಿಜವಾಗಿ ಕಮ್ಮಿ ಆಗಲ್ಲ. ಕೆಲವು ಸೆಕೆಂಡು ಪೂರ್ತಿ ಕಾಯುತ್ತೆ, ಕೆಲವು ಸೆಕೆಂಡು ಸುಮ್ಮನಿರುತ್ತೆ. ಪಾಯಸ, ಗೊಜ್ಜಿನಂಥವು ತಳ ಹಿಡಿಯೋದು ಹೀಗೆ. ದಪ್ಪ ತಳದ ಪಾತ್ರೆ ಇದ್ದರೆ ತೊಂದರೆ ಕಮ್ಮಿ.

ಒಗ್ಗರಣೆ ಸೌಟು ಮರೆತುಬಿಡಿ. ತಳ ಅಷ್ಟು ಚಿಕ್ಕದಿದ್ದರೆ ಒಲೆ ಗುರುತೇ ಹಿಡಿಯಲ್ಲ, ಕುಯ್ಯೋ ಅಂತ ಕೂಗಿ ನಿಂತುಬಿಡುತ್ತೆ. ಚಿಕ್ಕ ಬಾಣಲೆಯಲ್ಲಿ ಮಾಡಿದರೂ ಎಣ್ಣೆ ಎಷ್ಟು ಬೇಗ ಕಾಯುತ್ತೆ ಅಂದರೆ ಸಾಸಿವೆ ಸಿಡಿಯೋ ಹೊತ್ತಿಗೆ ಕರಿಬೇವು ಕೈಯಲ್ಲಿ ರೆಡಿ ಇರಬೇಕು.

ಮುದ್ದೆ ವಿಚಾರ ಸ್ಪಷ್ಟವಾಗಿ ಹೇಳ್ತೀನಿ. ಎಸರು ಕುದಿಸೋದು, ಹಿಟ್ಟು ಹಾಕಿ ಬೇಯಿಸೋದು ಒಲೆ ಮೇಲೆ. ತಿರುವೋದು ಮಾತ್ರ ನೆಲದ ಮೇಲೆ. ಅಮ್ಮ ಕೋಲು ಹಾಕಿ ಒತ್ತಿ ತಿರುವಿದರೆ ಪಾತ್ರೆ ಗಾಜಿನ ಮೇಲೆ ಜಾರುತ್ತೆ. ಗಾಜು ಬಿರುಕು ಬಿಟ್ಟರೆ ಆ ಒಲೆ ಮತ್ತೆ ಹಚ್ಚುವ ಹಾಗಿಲ್ಲ. ಹಳ್ಳಿ ಕಡೆ ಎಷ್ಟೋ ಜನ ಹೇಗೂ ಕೆಳಗಿಳಿಸಿ, ಕಾಲಲ್ಲಿ ಅದುಮಿ ಹಿಡಿದೇ ತಿರುವೋದು, ಅಲ್ವಾ? ಹಾಗಿದ್ದರೆ ಅಭ್ಯಾಸ ಬದಲಿಸೋದೇನೂ ಇಲ್ಲ.

ತುಮಕೂರಿನಿಂದ, ವೈರಿಂಗ್ ಕೆಲಸ ಮಾಡುವವನು:
ಪಾತ್ರೆಗಿಂತ ಮೊದಲು ಪ್ಲಗ್ ನೋಡಿ ಸರ್. 2000 ವ್ಯಾಟ್ ಒಲೆ 230 ವೋಲ್ಟ್‌ನಲ್ಲಿ ಸುಮಾರು 8.7 ಆಂಪ್ ಎಳೆಯುತ್ತೆ. ಮೊಬೈಲ್ ಚಾರ್ಜರ್ ಹಾಕುವ ಚಿಕ್ಕ ಪ್ಲಗ್ ಇರೋದು 6 ಆಂಪ್‌ಗೆ. ದೊಡ್ಡ ಮೂರು ಪಿನ್ನಿನ 16 ಆಂಪ್ ಪಾಯಿಂಟ್ ಬೇಕು, ಅದಕ್ಕೆ ಮೀಟರ್ ಬೋರ್ಡ್‌ನಿಂದ ಬೇರೆ ವೈರ್ ಎಳೆಸಬೇಕು. ದೊಡ್ಡ ಪಿನ್ನನ್ನು ಚಿಕ್ಕ ಪ್ಲಗ್‌ಗೆ ಹಾಕುವ ಕನ್ವರ್ಟರ್ ಅಂಗಡಿಯಲ್ಲಿ ಸಿಗುತ್ತೆ, ಎಕ್ಸ್‌ಟೆನ್ಷನ್ ಬಾಕ್ಸೂ ಸಿಗುತ್ತೆ. ಎರಡೂ ಬೇಡ. ಪ್ಲಗ್ ಕರಗಿ ಕಪ್ಪಾಗಿರೋ ಮನೆಗಳನ್ನು ತುಂಬಾ ನೋಡಿದ್ದೀನಿ.

ಅರ್ಥಿಂಗ್ ಇದೆಯಾ ಅಂತ ಎಲೆಕ್ಟ್ರಿಷಿಯನ್ ಹತ್ತಿರ ಪರೀಕ್ಷೆ ಮಾಡಿಸಿ. ಹಳೇ ಮನೆಗಳಲ್ಲಿ ಮೂರನೇ ತೂತು ಹೆಸರಿಗಷ್ಟೇ ಇರುತ್ತೆ, ವೈರ್ ಎಲ್ಲಿಗೂ ಹೋಗಿರಲ್ಲ. ಸ್ಟೀಲ್ ಪಾತ್ರೆ ಮುಟ್ಟಿದಾಗ ಜುಮ್ ಅಂದರೆ ಒಲೆ ಆರಿಸಿ ಮೊದಲು ಇದನ್ನೇ ನೋಡಿ. ಮನೆ ಯುಪಿಎಸ್ ಮೇಲೆ ಇಂಡಕ್ಷನ್ ಓಡಲ್ಲ. ಕರೆಂಟ್ ಹೋದರೆ ಅಡುಗೆ ನಿಂತಿತು ಅಂತಲೇ ಲೆಕ್ಕ. ಹಾಗಾಗಿ ಗ್ಯಾಸ್ ತೆಗೆಸಬೇಡಿ.

ಹುಬ್ಬಳ್ಳಿಯಿಂದ:
ಬಿಲ್ ಲೆಕ್ಕ ನಾನು ಹೇಳ್ತೀನ್ರಿ. 1500 ವ್ಯಾಟ್‌ನಲ್ಲಿ ಒಂದು ತಾಸು ಪೂರಾ ಉರಿದರೆ ಒಂದೂವರೆ ಯೂನಿಟ್. ಇಬ್ಬರ ಅಡುಗೆಗೆ ದಿನಕ್ಕೆ ಒಂದು ಯೂನಿಟ್ ಆಸುಪಾಸು, ತಿಂಗಳಿಗೆ 30ರಿಂದ 40 ಹಿಡೀರಿ.

ಗೃಹಜ್ಯೋತಿಯ ಉಚಿತ ಮಿತಿ ಎಲ್ಲರಿಗೂ 200 ಅಲ್ಲ. 2022-23ರಲ್ಲಿ ನಿಮ್ಮ ಮನೆ ತಿಂಗಳಿಗೆ ಸರಾಸರಿ ಎಷ್ಟು ಬಳಸಿತ್ತೋ ಅದಕ್ಕೆ ಸ್ವಲ್ಪ ಸೇರಿಸಿ ಮಿತಿ ಗೊತ್ತು ಮಾಡ್ಯಾರ. ಅದನ್ನು ದಾಟಿದರೂ 200ರ ಒಳಗಿದ್ದರೆ ಹೆಚ್ಚಾದ ಯೂನಿಟ್‌ಗಷ್ಟೇ ರೊಕ್ಕ. 200 ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ಹಳ್ಳಿಯಲ್ಲಿ ಇಬ್ಬರೇ ಇರುವ ಮನೆ 200ರ ಹತ್ತಿರಕ್ಕೂ ಹೋಗಲ್ಲ. ಸೊನ್ನೆ ಹೋಗಿ ಸಣ್ಣ ಬಿಲ್ ಬರಬಹುದು, ಅಷ್ಟೇ. ಆದರೆ ನಮ್ಮಂಥ ಆರು ಜನರ ಮನೆ, ಈಗಾಗಲೇ 170 ಉರಿಸೋರು, ಹುಷಾರಾಗಿರಬೇಕು.

ಗ್ಯಾಸ್ ಜೊತೆ ಹೋಲಿಸಬೇಕಂದರೆ: 14.2 ಕಿಲೋ ಸಿಲಿಂಡರ್ ಮಾಡುವ ಕೆಲಸಕ್ಕೆ ಇಂಡಕ್ಷನ್‌ನಲ್ಲಿ ಸುಮಾರು 140 ಯೂನಿಟ್ ಬೇಕು. ಗ್ಯಾಸ್ ಉರಿಯಲ್ಲಿ ಮೂರನೇ ಒಂದು ಭಾಗ ಪಾತ್ರೆಯ ಪಕ್ಕದಿಂದ ಹೊರಗೇ ಹೋಗುತ್ತೆ, ಇಂಡಕ್ಷನ್‌ನಲ್ಲಿ ಪೋಲು ಕಮ್ಮಿ. ನಿಮ್ಮ ಯೂನಿಟ್ ದರವನ್ನು 140ರಿಂದ ಗುಣಿಸಿ ಸಿಲಿಂಡರ್ ಬೆಲೆ ಪಕ್ಕ ಇಡಿ. ಭಾರೀ ಉಳಿತಾಯ ಅಂತ ಅಂಗಡಿಯವರು ಹೇಳೋದನ್ನು ನಾನಂತೂ ನಂಬಲ್ಲ.

ದಾವಣಗೆರೆಯಿಂದ:
ಒಂದು ಮಾತು. ಇಬ್ಬರಲ್ಲಿ ಯಾರಿಗಾದರೂ ಪೇಸ್‌ಮೇಕರ್, ಅಂದರೆ ಹೃದಯದ ಬಡಿತ ಸರಿಯಾಗಿಡಲು ಎದೆಯೊಳಗೆ ಕೂರಿಸುವ ಯಂತ್ರ, ಇದೆಯಾ?

ಕೇಳಿದವರು:
ಅಪ್ಪನಿಗೆ ಇದೆ ಮೇಡಂ. ಇದಕ್ಕೂ ಒಲೆಗೂ ಸಂಬಂಧ ಇದೆ ಅಂತ ಗೊತ್ತಿರಲಿಲ್ಲ.

ದಾವಣಗೆರೆಯಿಂದ:
ಗಾಬರಿ ಬೇಡ. ಒಲೆಯ ಕಾಂತಕ್ಷೇತ್ರ ಪೇಸ್‌ಮೇಕರ್‌ಗೆ ಅಡ್ಡಿ ಮಾಡಬಹುದು, ಆದರೆ ಅದು ಹತ್ತಿರದಲ್ಲಿ ಮಾತ್ರ ಜೋರು. ಪೇಸ್‌ಮೇಕರ್ ಇರುವವರು ಉರಿಯುತ್ತಿರುವ ಇಂಡಕ್ಷನ್‌ನಿಂದ 60 ಸೆಂಟಿಮೀಟರ್, ಅಂದರೆ ಎರಡು ಅಡಿ ದೂರ ಇರಬೇಕು ಅಂತ ಸಾಮಾನ್ಯವಾಗಿ ಹೇಳುತ್ತಾರೆ. ಅಮ್ಮ ಅಡುಗೆ ಮಾಡುವಾಗ ಅಪ್ಪ ಅಡುಗೆಮನೆಗೆ ಬಂದು ಹೋದರೆ ಏನೂ ಆಗಲ್ಲ. ಅವರೇ ಬಗ್ಗಿ ಕಾಫಿ ಕಾಯಿಸೋದು ಬೇಡ. ಅವರಿಗೆ ಗ್ಯಾಸೇ ಇರಲಿ. ಮುಂದಿನ ಚೆಕಪ್‌ಗೆ ಹೋದಾಗ ಹೃದಯದ ಡಾಕ್ಟರನ್ನು ಕೇಳಿ, ಅವರು ಏನು ಹೇಳುತ್ತಾರೋ ಅದೇ ಕೊನೆ. ಕೇಳುವ ತನಕ ಒಲೆ ತರಬೇಡಿ.

ಸಾಗರದಿಂದ:
ನಾನು ಸ್ವಲ್ಪ ಬೇರೆ ಹೇಳ್ತೆ. ಇಷ್ಟೆಲ್ಲ ಪಾತ್ರೆ ಬದಲಿಸುವ ಬದಲು ಇನ್‌ಫ್ರಾರೆಡ್ ಒಲೆ ನೋಡಿ. ಒಳಗೆ ಕೆಂಪಗೆ ಕಾಯುವ ಸುರುಳಿ ಇರುತ್ತೆ. ಅಲ್ಯೂಮಿನಿಯಂ, ಹಿತ್ತಾಳೆ ಏನಿಟ್ಟರೂ ಆಗುತ್ತೆ. ಇಂಡಕ್ಷನ್‌ಗಿಂತ ನಿಧಾನ, ಕರೆಂಟೂ ಸ್ವಲ್ಪ ಜಾಸ್ತಿ. ಆರಿಸಿದ ಮೇಲೂ ಗಾಜು ತುಂಬಾ ಹೊತ್ತು ಸುಡುತ್ತೆ. ನಮ್ಮನೆಯಲ್ಲಿ ಮೊಮ್ಮಕ್ಕಳು ಬಂದಾಗ ಅದನ್ನು ಅಟ್ಟಕ್ಕೆ ಏರಿಸಿಬಿಡುತ್ತೇವೆ.

ಯಾವ ಒಲೆಯಾದರೂ ಅಡಿಯಲ್ಲಿ ಫ್ಯಾನ್ ಇರುತ್ತೆ. ಆ ಬೆಚ್ಚನೆ ಜಾಗಕ್ಕೆ ಜಿರಳೆ ಸೇರುತ್ತೆ, ಒಳಗಿನ ಬೋರ್ಡ್ ಸುಟ್ಟುಹೋಗುತ್ತೆ. ರಿಪೇರಿಯವರು ಬಿಚ್ಚಿದಾಗ ಒಳಗಿದ್ದದ್ದನ್ನು ಇಲ್ಲಿ ಬರೆಯುವುದು ಬೇಡ, ಊಟದ ಹೊತ್ತು! ರಾತ್ರಿ ಒರೆಸಿ ಎತ್ತಿಡಲಿ. ಅಡುಗೆ ಮುಗಿದ ತಕ್ಷಣ ಗೋಡೆಯ ಸ್ವಿಚ್ ಆರಿಸಬಾರದು, ಫ್ಯಾನ್ ತಾನಾಗಿ ನಿಲ್ಲಬೇಕು. ಗುಡುಗು ಶುರುವಾದರೆ ಮಾತ್ರ ಪಿನ್ ಕಿತ್ತುಬಿಡಿ.

ಮ್ಯೂನಿಕ್‌ನಿಂದ:
ದೋಸೆ, ರೊಟ್ಟಿ ಬಗ್ಗೆ ಯಾರೂ ಹೇಳಲಿಲ್ಲ. ಬೀಡಿನ ಕಾವಲಿ ಇಂಡಕ್ಷನ್ ಮೇಲೆ ಚೆನ್ನಾಗಿ ಕಾಯುತ್ತೆ. ಆದರೆ ಕಾಯಿಲ್ ಎಷ್ಟು ಅಗಲವೋ ಅಷ್ಟೇ ಭಾಗ ಕಾಯೋದು. ಚಿಕ್ಕ ಒಲೆ ಮೇಲೆ ದೊಡ್ಡ ಕಾವಲಿ ಇಟ್ಟರೆ ದೋಸೆ ನಡುವೆ ಕರಿ, ಅಂಚು ಹಸಿ. ಮೊದಲು ಕಮ್ಮಿ ಉರಿಯಲ್ಲಿ ನಿಧಾನವಾಗಿ ಕಾಯಿಸಿ. ಒಮ್ಮೆಲೇ ಜೋರು ಮಾಡಿದರೆ ಬೀಡು ಸೀಳಬಹುದು, ತೆಳು ಕಾವಲಿ ಡೊಂಕಾಗಬಹುದು. ಎಳೆಯಬೇಡಿ, ಎತ್ತಿಡಿ, ಗಾಜು ಗೀರುತ್ತೆ. ಊರಿನಲ್ಲಿ ಗ್ಯಾಸ್ ಇದೆಯಲ್ಲ, ಅಕ್ಕಿರೊಟ್ಟಿ ಅದರ ಮೇಲೇ ತಟ್ಟಲಿ. ನನಗಿಲ್ಲಿ ಆ ಭಾಗ್ಯ ಇಲ್ಲ. ಹಪ್ಪಳ ಸುಡೋಕೆ, ಬದನೆಕಾಯಿ ಸುಡೋಕೆ ಬೆಂಕಿಯೇ ಬೇಕು.

ಕೇಳಿದವರು:
ಎಲ್ಲರಿಗೂ ಥ್ಯಾಂಕ್ಸ್. ಮೊದಲು ಡಾಕ್ಟರ್, ಆಮೇಲೆ ವೈರಿಂಗ್, ಆಮೇಲೆ ಒಲೆ. ಪಾತ್ರೆ ಎಲ್ಲ ಒಟ್ಟಿಗೆ ಕೊಳ್ಳಬೇಕಾ?

ಮೈಸೂರಿನಿಂದ:
ಬೇಡವೇ ಬೇಡ. ತಳದಲ್ಲಿ ಇಂಡಕ್ಷನ್ ಗುರುತಿರುವ ಮೂರು ಲೀಟರ್ ಸ್ಟೀಲ್ ಕುಕ್ಕರ್ ಒಂದು, ಹಾಲಿಗೆ ಒಂದು ಪಾತ್ರೆ, ಸಾಕು. ಸಾರು, ಪಲ್ಯ ಕುಕ್ಕರಿನಲ್ಲೇ ಮುಚ್ಚಳ ತೆಗೆದು ಮಾಡಬಹುದು. ಕುಕ್ಕರ್ ಕೂಗೋಕೆ ಶುರುವಾದ ಮೇಲೆ ಉರಿ ಇಳಿಸೋದನ್ನು ಮಾತ್ರ ಅಮ್ಮನಿಗೆ ಎದುರೇ ನಿಂತು ತೋರಿಸಿ. ಇಂಡಕ್ಷನ್‌ನಲ್ಲಿ ವಿಷಲ್ ಬೇಗ ಬೇಗ ಬರುತ್ತೆ. ಗ್ಯಾಸಿನ ಲೆಕ್ಕದಲ್ಲಿ ಮೂರು ಕೂಗಿಗೆ ಆರಿಸಿದರೆ ಬೇಳೆ ಬೆಂದಿರಲ್ಲ.