ಮೊದ್ಲು ಯಾವ ಸಿಲಿಂಡರ್ ಅಂತ ನೋಡಿ, ಆಮೇಲೆ ಕಾರ್ಬನ್ ಮಾತು

ಹಾಸನ ಚಿಕ್ಕಪ್ಪ: (ವಿಡಿಯೋ ಫಾರ್ವರ್ಡ್) ಪುಟ್ಟಿ ಇದು ನೋಡು. ನಿನ್ ಕಾರು ನಡುಗೋದು ಇದಕ್ಕೇ. ವಾಲ್ವ್ ಮೇಲೆ ಎಷ್ಟು ಕಿಟ್ಟ ಕಟ್ಟಿದೆ, ಕ್ಲೀನ್ ಮಾಡಿದ್ಮೇಲೆ ಹುಣಸೆಹಣ್ಣು ಹಾಕಿ ಉಜ್ಜಿದ ಚೊಂಬಿನಂಗೆ ಹೊಳೀತಿದೆ. ಹಳೇ ಕಾರಿಗೆಲ್ಲ ಡೀಕಾರ್ಬನ್ (ಎಂಜಿನ್ ಒಳಗಿನ ಕಿಟ್ಟ ತೆಗೆಯೋದು) ಮಾಡಿಸ್ಲೇಬೇಕಂತೆ. ಇಲ್ಲೇ ಒಬ್ರು 4,500ಕ್ಕೆ ಮಾಡ್ತಾರೆ, ಶನಿವಾರ ಬಿಡೋಣ

ಪುಟ್ಟಿ: ಹೌದಾ ಚಿಕ್ಕಪ್ಪ. ನಿನ್ನೆ ಸಕಲೇಶಪುರದ ಹತ್ರ ಏರಲ್ಲಿ ಜಗ್ಗಿ ಜಗ್ಗಿ ಹೋಗ್ತಿತ್ತು, ಎಂಜಿನ್ ಲೈಟು ಸ್ವಲ್ಪ ಹೊತ್ತು ಮಿಣಕ್ ಮಿಣಕ್ ಅಂತು, ಆಮೇಲೆ ಹಾಗೇ ಉರೀತಾ ನಿಂತಿದೆ. ಈ ಸೆಕೆಂಡ್ ಹ್ಯಾಂಡ್ ಕಾರು ತಗೊಂಡು ಎರಡ್ ತಿಂಗ್ಳೂ ಆಗಿಲ್ಲ 😟

ತಿಪಟೂರು ಭಾವ: ಪುಟ್ಟಿ ಲೈಟು ಮಿಣುಕ್ತು ಅಂದ್ಯಲ್ಲ, ಅದು ಮುಖ್ಯ. ಸುಮ್ನೆ ಉರಿಯೋದು ಬೇರೆ, ಮಿಣುಕೋದು ಬೇರೆ. ಮಿಣುಕ್ತಿದ್ರೆ ಮಿಸ್‌ಫೈರ್ (ಸಿಲಿಂಡರಲ್ಲಿ ಪೆಟ್ರೋಲ್ ಸರಿಯಾಗಿ ಹೊತ್ಕೊಳ್ದೆ ಇರೋದು) ಜೋರಾಗಿದೆ, ಉರೀದೆ ಇರೋ ಪೆಟ್ರೋಲ್ ಸೀದಾ ಸೈಲೆನ್ಸರ್ ಕಡೆ ಹೋಗ್ತಿದೆ, ಅದು ಹೊಗೆ ಶುದ್ಧ ಮಾಡೋ ಕ್ಯಾಟಲಿಟಿಕ್ ಕನ್ವರ್ಟರ್ ಒಳಗೆ ಹೊತ್ಕೊಂಡು ಅದನ್ನೇ ಸುಡುತ್ತೆ. ಇವತ್ತು ಘಾಟಿ ಕಡೆ ತಗೊಂಡು ಹೋಗ್ಬೇಡ, ಆಫೀಸಿಗೆ ಬಸ್ಸಲ್ಲಿ ಹೋಗು

ತಿಪಟೂರು ಭಾವ: ಚಿಕ್ಕಪ್ಪ ಬೇಜಾರ್ ಮಾಡ್ಕೋಬೇಡಿ, ಆ ವಿಡಿಯೋ ಸುಳ್ಳಲ್ಲ, ಆದ್ರೆ ಅದು ನಮ್ ಪುಟ್ಟಿ ಕಾರಿನ ಎಂಜಿನ್ ಅಲ್ಲ. ಅದು ಡೈರೆಕ್ಟ್ ಇಂಜೆಕ್ಷನ್, ಪೋಲೋ ಜಿಟಿ ಟಿಎಸ್‌ಐ, ವೆನ್ಯೂ ಟರ್ಬೋ ಜಿಡಿಐ ಥರದ್ದು. ಅದ್ರಲ್ಲಿ ಪೆಟ್ರೋಲು ಸಿಲಿಂಡರ್ ಒಳಗೇ ಬೀಳುತ್ತೆ, ಗಾಳಿ ಒಳಗೆ ಬಿಡೋ ಇನ್‌ಟೇಕ್ ವಾಲ್ವಿಗೆ ಒಂದ್ ಹನಿನೂ ತಾಗಲ್ಲ, ಎಂಜಿನ್ ಕೆಳಭಾಗದ ಕ್ರ್ಯಾಂಕ್‌ಕೇಸಿಂದ ಬರೋ ಆಯಿಲ್ ಹಬೆ ವಾಲ್ವಿಗೆ ಅಂಟಿ ಬೆಂದು ಬೆಂದು ಹೆಪ್ಪುಗಟ್ಟುತ್ತೆ. ಪುಟ್ಟಿದು 2015ರ ಮಾಮೂಲಿ ಎಂಪಿಎಫ್‌ಐ. ಇಂಜೆಕ್ಟರ್ ಪೆಟ್ರೋಲ್ ಚಿಮ್ಮೋದೇ ವಾಲ್ವಿನ ಬೆನ್ನಿಗೆ, ದಿನಾ ತೊಳೀತಾನೇ ಇರುತ್ತೆ

ಹಾಸನ ಚಿಕ್ಕಪ್ಪ: ಹಂಗಾದ್ರೆ ನನ್ ಕಾರಿಗೆ ಮಾಡಿಸ್ದಾಗ ಬೆಣ್ಣೆ ಥರ ಆಯ್ತಲ್ಲಪ್ಪ ಅದೇನು ಭ್ರಮೆನಾ. ಮೈಲೇಜೂ ಬಂತು

ತಿಪಟೂರು ಭಾವ: ಭ್ರಮೆ ಅಲ್ಲ. ನಿಮ್ದು ಡೀಸೆಲ್ಲು, ಇಜಿಆರ್ (ಸ್ವಲ್ಪ ಹೊಗೆನ ವಾಪಸ್ ಎಂಜಿನ್ನಿಗೇ ಕಳ್ಸೋ ವ್ಯವಸ್ಥೆ) ಹೊಗೆಯ ಮಸಿ ಗಾಳಿ ಹೋಗೋ ಮ್ಯಾನಿಫೋಲ್ಡಲ್ಲಿ ತುಂಬೋದು ನಿಜ, ಅದನ್ನ ಬಿಚ್ಚಿ ಕೆರೆದ್ರೆ ಫರಕು ಗೊತ್ತಾಗುತ್ತೆ. ಪೆಟ್ರೋಲ್ ಕಾರಲ್ಲೂ ಗಾಳಿ ಹೆಚ್ಚು ಕಮ್ಮಿ ಬಿಡೋ ಥ್ರಾಟಲ್ ಬಾಡಿಗೆ ಮಸಿ ಹಿಡಿಯುತ್ತೆ, ಒಪ್ತೀನಿ. ಆದ್ರೆ ಆಗ ಐಡಲ್ (ಕಾರು ನಿಂತಾಗಿನ ಎಂಜಿನ್ ವೇಗ) ಮೇಲೆ ಕೆಳಗೆ ಆಗುತ್ತೆ, ಎಂಜಿನ್ ಪೂರ್ತಿ ಮಂಕಾಗುತ್ತೆ. ಇವಳದು ಏರಲ್ಲಿ, ಲೋಡ್ ಬಿದ್ದಾಗ ಜಗ್ತಿದೆ, ಒಂದ್ ಸಿಲಿಂಡರ್ ಸತ್ತು ಮೂರರಲ್ಲಿ ಓಡೋ ಲಕ್ಷಣ ಅದು

ಶಿವಮೊಗ್ಗ ಅತ್ತೆ: ಮಾರಿದೋನನ್ನ ಹಿಡ್ಕೊಂಡು ಕೇಳ್ರೋ ಮೊದ್ಲು, ಮಗು ದುಡ್ಡು ಸುಮ್ನೆ ಬಂದಿದ್ದಾ

ತಿಪಟೂರು ಭಾವ: ಅತ್ತೆ ಕೇಳೋಣ, ಆದ್ರೆ ರೋಗ ಯಾವುದು ಅಂತ ಗೊತ್ತಿಲ್ದೆ ಏನ್ ಕೇಳೋದು. ಮಾರೋ ಮುಂಚೆ ಕಾರಿನ ಕಂಪ್ಯೂಟರಲ್ಲಿ ದಾಖಲಾದ ದೋಷದ ಕೋಡ್ ಅಳಿಸಿ ಲೈಟ್ ಆರಿಸಿ ಕೊಡೋರು ಇದಾರೆ, ಹಂಗೆ ಅಳಿಸಿದ್ರೆ ಸ್ಕ್ಯಾನರಲ್ಲಿ ರೆಡಿನೆಸ್ ಮಾನಿಟರ್ (ಕಾರು ತಾನೇ ಮಾಡ್ಕೊಳ್ಳೋ ಪರೀಕ್ಷೆಗಳು) ಇನ್‌ಕಂಪ್ಲೀಟ್ ಅಂತ ಬರುತ್ತೆ, ಕೊಳ್ಳೋ ದಿನ ನೋಡಿದ್ರೆ ಸಿಕ್ಕಿಬೀಳ್ತಿದ್ರು. ಈಗ ಎರಡ್ ತಿಂಗಳು ಓಡ್ಸಾಗಿದೆ, ಅದ್ರಿಂದ ಗೊತ್ತಾಗಲ್ಲ

ಹಾಸನ ಚಿಕ್ಕಪ್ಪ: 4,500ಕ್ಕೆ ಇಷ್ಟು ಚರ್ಚೆನಾ. ಮಾಡಿಸಿದ್ರೆ ನಷ್ಟ ಏನು, ಒಂದ್ಸಲ ಕ್ಲೀನ್ ಆಗುತ್ತೆ ಬಿಡು

ತಿಪಟೂರು ಭಾವ: ನಷ್ಟ ಇದೆ ಚಿಕ್ಕಪ್ಪ, ನಂಗೇ ಆಗಿದೆ. ಹಿಂದಿನ ಕಾರು ಹಿಂಗೇ ಮಿಸ್ಸಿಂಗ್ ಹೊಡೀತಿದ್ದಾಗ ಒಂದ್ ಗ್ಯಾರೇಜಲ್ಲಿ ಕಾರ್ಬನ್ ಅಂದ್ರು, ಮಾಡಿಸ್ದೆ, ಸರಿ ಹೋಗ್ಲಿಲ್ಲ, ಟ್ಯಾಂಕಿಗೆ ಹಾಕೋ ಬಾಟ್ಲಿ ಕೊಟ್ರು, ಅದೂ ಹಾಕ್ದೆ, ಹೀಗೇ ಒಂದ್ ತಿಂಗ್ಳು ಲೈಟ್ ಮಿಣುಕ್ತಾ ಓಡ್ಸಿದೆ. ಕೊನೆಗೆ ಕನ್ವರ್ಟರ್ ಒಳಗಿನ ಜೇನುಗೂಡು ಕರಗಿ ಮುಚ್ಕೊಂಡು ಕಾರು 60 ದಾಟ್ತಿರ್ಲಿಲ್ಲ. ಬಿಚ್ಚಿ ಟಾರ್ಚ್ ಬಿಟ್ರೆ ಆ ಕಡೆ ಬೆಳಕೇ ಬರ್ತಿಲ್ಲ. ಮೂಲ ರೋಗ ಪ್ಲಗ್‌ಗೆ ಕಿಡಿಯ ಕರೆಂಟ್ ಕೊಡೋ ಒಂದು ಇಗ್ನಿಷನ್ ಕಾಯಿಲ್. ಅದಕ್ಕೇ ಇಷ್ಟು ಹೇಳ್ತಿರೋದು, ಪುಟ್ಟಿಗೆ ಹಂಗಾಗೋದು ಬೇಡ

ಪುಟ್ಟಿ: ಪಕ್ಕದ್ಮನೆ ಅಣ್ಣನ ಹತ್ರ ಬ್ಲೂಟೂತ್ ಸ್ಕ್ಯಾನರ್ ಇತ್ತು. ಪಿ0302 ಅಂತ ಬಂತು ಭಾವ

ತಿಪಟೂರು ಭಾವ: ಸರಿ, ಎರಡನೇ ಸಿಲಿಂಡರಲ್ಲಿ ಮಿಸ್‌ಫೈರ್ ಅಂತ. ಪಿ0300 ಬಂದಿದ್ರೆ ಯಾವ ಸಿಲಿಂಡರ್ ಅಂತ ಗೊತ್ತಾಗ್ತಿರ್ಲಿಲ್ಲ, ಎಲ್ಲ ಕಡೆ ಹುಡುಕ್ಬೇಕಿತ್ತು. ಈಗ ದುಡ್ಡಿಲ್ದೆ ಒಂದ್ ಪರೀಕ್ಷೆ ಮಾಡು. ಎಂಜಿನ್ ತಣ್ಣಗಿರ್ಲಿ, ಕೀ ತೆಗ್ದಿಡು. 10 ನಂಬರ್ ಸ್ಪ್ಯಾನರಲ್ಲಿ ಎರಡನೇದು ಮೂರನೇದು ಕಾಯಿಲ್ ಬಿಚ್ಚಿ ಅದಲು ಬದಲು ಮಾಡು, ಪ್ಲಗ್ ಮುಟ್ಬೇಡ, ಕೋಡ್ ಅಳಿಸಿ ಊರೊಳಗೇ ಒಂದ್ ಸುತ್ತು ಹೋಗ್ಬಾ. ಕೋಡು ಪಿ0303 ಆದ್ರೆ ರೋಗ ಕಾಯಿಲ್ ಜೊತೆ ಹೋಯ್ತು ಅಂತ. ಅಲ್ಲೇ ಇದ್ರೆ ಇನ್ನೊಂದ್ ದಿನ ಪ್ಲಗ್ ಬದಲಾಯಿಸಿ ನೋಡೋಣ, ಅದೂ ಅಲ್ದಿದ್ರೆ ಇಂಜೆಕ್ಟರ್, ಕಂಪ್ರೆಷನ್ (ಸಿಲಿಂಡರ್ ಒಳಗಿನ ಒತ್ತಡ) ನೋಡ್ಬೇಕು. ಬಿಚ್ಚುವಾಗ ಫೋಟೋ ತೆಗಿ

ಪುಟ್ಟಿ: (ಫೋಟೋ) ಭಾವ ಎರಡನೇ ಕಾಯಿಲ್ ಎಳೀವಾಗ್ಲೇ ಕಷ್ಟ ಆಯ್ತು, ಕೆಳಗಿನ ರಬ್ಬರ್ ಊದ್ಕೊಂಡು ಮೆತ್ತಗಾಗಿದೆ, ಉದ್ದಕ್ಕೂ ಕೂದಲೆಳೆ ಥರ ಕಪ್ಪು ಗೀಟು. ಪ್ಲಗ್ ಗುಂಡಿಯಲ್ಲಿ ಆಯಿಲ್ ನಿಂತಿದೆ. ಉಳಿದ ಮೂರೂ ಒಣಗಿವೆ

ತಿಪಟೂರು ಭಾವ: ಶಭಾಷ್ 👏 ಆ ಗೀಟೇ ಕಿಡಿ ಹೊರಗೆ ಸೋರಿರೋ ದಾರಿ. ಪ್ಲಗ್ ತುದಿಗೆ ಹೋಗೋದು ಬಿಟ್ಟು ಪಕ್ಕದ ಗೋಡೆಗೆ ಹಾರ್ತಿದೆ. ವಾಲ್ವ್ ಕವರಿನ ಸೀಲ್ ಒಣಗಿ ಆಯಿಲ್ ಇಳಿದಿದೆ, ಆ ಆಯಿಲ್ಲೇ ರಬ್ಬರನ್ನ ತಿಂದಿದೆ. ಬಟ್ಟೆಯಲ್ಲಿ ಒರೆಸಿ ಅದಲು ಬದಲು ಮಾಡಿ ನೋಡು

ಪುಟ್ಟಿ: ಪಿ0303 ಬಂತು!!

ತಿಪಟೂರು ಭಾವ: ಮುಗೀತು, ಕಾಯಿಲ್ಲೇ. ಇನ್ನು ಓಡಿಸ್ಬೇಡ. ಹೊಸ ಕಾಯಿಲ್ ಒಂದೇ ಹಾಕಿ ಬಿಡ್ಬೇಡ, ವಾಲ್ವ್ ಕವರ್ ಗ್ಯಾಸ್ಕೆಟ್, ಪ್ಲಗ್ ಗುಂಡಿಯ ಟ್ಯೂಬ್ ಸೀಲ್ ಜೊತೇಲೇ ಹಾಕಿಸ್ಬೇಕು, ಇಲ್ದಿದ್ರೆ ಹೊಸದನ್ನೂ ಆಯಿಲ್ ತಿನ್ನುತ್ತೆ. ಪ್ಲಗ್ ಎಷ್ಟು ಕಿಲೋಮೀಟರಿಂದ ಇದೆಯೋ ಗೊತ್ತಿಲ್ಲ, ನಾಲ್ಕೂ ಬದಲಾಯಿಸ್ಬಿಡು

ಹಾಸನ ಚಿಕ್ಕಪ್ಪ: ಆಯ್ತಪ್ಪ ನಿನ್ ಮಾತೇ ಸರಿ, ಡೀಕಾರ್ಬನ್ ಬೇಡ ಅಂತ ಫೋನ್ ಮಾಡಿ ಹೇಳ್ತೀನಿ. ಪುಟ್ಟಿ ಆರ್‌ಸಿ ಫೋಟೋ ಕಳ್ಸು, ಬಸ್‌ಸ್ಟ್ಯಾಂಡ್ ಹಿಂದಿನ ಸ್ಪೇರ್ ಅಂಗಡೀಲಿ ಕಾಯಿಲ್ಲು ಸೀಲು ಎಲ್ಲ ತಗೊಂಡು ನಾನೇ ಮೆಕ್ಯಾನಿಕ್ ಕರ್ಕೊಂಡು ನಿನ್ ಹತ್ರ ಬರ್ತೀನಿ, ಕಾರು ಅಲ್ಲೇ ಇರ್ಲಿ