ಅಪ್ಪ ಫಾಫ್ಸಾಗೆ ಸಹಿ ಹಾಕುವುದಿಲ್ಲ: ಕಮ್ಯುನಿಟಿ ಕಾಲೇಜಿನ ಫೀಸು, ಬಾಡಿಗೆ ಎರಡಕ್ಕೂ ದಾರಿ ಏನು?

ಕಾವೇರಿತೀರ:

ಎಲ್ಲರಿಗೂ ನಮಸ್ಕಾರ. ಕ್ಯಾಲಿಫೋರ್ನಿಯಾದಲ್ಲಿರುವ 19 ವರ್ಷದ ಹುಡುಗಿಯೊಬ್ಬಳ ಪರವಾಗಿ ಕೇಳುತ್ತಿದ್ದೇನೆ. ಗ್ರೀನ್ ಕಾರ್ಡ್ ಇದೆ, ಹೈಸ್ಕೂಲು ಮುಗಿಸಿದ್ದು ಇಲ್ಲೇ. ನರ್ಸಿಂಗ್‌ಗೆ ಬೇಕಾದ ಕೋರ್ಸುಗಳನ್ನು ಕಮ್ಯುನಿಟಿ ಕಾಲೇಜಿನಲ್ಲಿ (ಕಡಿಮೆ ಫೀಸಿನ ಎರಡು ವರ್ಷದ ಸರ್ಕಾರಿ ಕಾಲೇಜು) ಮುಗಿಸಬೇಕು ಎಂದಿದ್ದಾಳೆ. ಅಪ್ಪನಿಗೆ ಒಪ್ಪಿಗೆಯಿಲ್ಲ. ಒಂದು ಡಾಲರೂ ಕೊಡುವುದಿಲ್ಲ, ಕಾಲೇಜು ಓದಿಗೆ ಅಮೆರಿಕ ಸರ್ಕಾರದ ನೆರವು ಕೇಳುವ ಫಾಫ್ಸಾ ಅರ್ಜಿಗೆ ಸಹಿಯನ್ನೂ ಹಾಕುವುದಿಲ್ಲ ಎಂದುಬಿಟ್ಟಿದ್ದಾರೆ. ಎರಡು ತಿಂಗಳಿಂದ ಗೆಳತಿಯ ಮನೆಯ ಸೋಫಾ ಮೇಲೆ ಮಲಗುತ್ತಿದ್ದಾಳೆ. ಆ ಮನೆಯವರು ಆಗಸ್ಟ್ ತನಕ ಮಾತ್ರ ಎಂದಿದ್ದಾರೆ. ಅಂಗಡಿಯಲ್ಲಿ ವಾರಕ್ಕೆ 18 ಗಂಟೆ ಕೆಲಸ ಮಾಡುತ್ತಾಳೆ. ಅಮ್ಮ ಫೋನಿನಲ್ಲಿ ಮಾತಾಡುತ್ತಾರೆ, ಆದರೆ ಅವರ ಕೈಯಲ್ಲಿ ಸ್ವಂತ ದುಡ್ಡಿಲ್ಲ.

ಅಪ್ಪನ ಸಹಿ ಇಲ್ಲದೆ ಪೆಲ್ ಗ್ರಾಂಟ್ (ಕಡಿಮೆ ಆದಾಯದ ವಿದ್ಯಾರ್ಥಿಗಳಿಗೆ ಫೆಡರಲ್ ಸರ್ಕಾರ ಕೊಡುವ, ಸಾಲವಲ್ಲದ ನೆರವು) ಸಿಗುತ್ತದೆಯೇ? ಸಿಕ್ಕರೆ ಬಾಡಿಗೆಗೂ ಬಳಸಬಹುದೇ? ರೂಮು ಹಿಡಿಯುವಾಗ ಏನೇನು ನೋಡಿಕೊಳ್ಳಬೇಕು?

ಲೆಕ್ಕಪತ್ರ:

ಮೊದಲು ಒಂದು ತಪ್ಪು ತಿಳಿವಳಿಕೆ ಬಿಡಿಸೋಣ. ಬೇರೆ ಮನೆಯಲ್ಲಿದ್ದೇನೆ, ನನ್ನ ಖರ್ಚು ನಾನೇ ನೋಡಿಕೊಳ್ಳುತ್ತೇನೆ, ಅಪ್ಪ ಟ್ಯಾಕ್ಸಿನಲ್ಲಿ ನನ್ನನ್ನು ತಮ್ಮ ಅವಲಂಬಿತಳೆಂದು ತೋರಿಸುವುದಿಲ್ಲ – ಈ ಮೂರೂ ನಿಜವಿದ್ದರೂ ಫಾಫ್ಸಾ ಲೆಕ್ಕದಲ್ಲಿ ಆಕೆ ಡಿಪೆಂಡೆಂಟ್, ಅಂದರೆ ಹೆತ್ತವರ ಮಾಹಿತಿ, ಆದಾಯ ಕೊಡಲೇಬೇಕಾದವಳು. ಹೆತ್ತವರು ದುಡ್ಡು ಕೊಡಲೊಪ್ಪದಿರುವುದು, ಸಹಿ ಹಾಕಲೊಪ್ಪದಿರುವುದು ಇವೂ ಸಾಲುವುದಿಲ್ಲ. 2025-26ರ ಸಾಲಿಗೆ 2002ರ ಜನವರಿ 1ಕ್ಕಿಂತ ಮೊದಲು ಹುಟ್ಟಿದವರು, ಮದುವೆಯಾದವರು, ಮಕ್ಕಳನ್ನು ಸಾಕುತ್ತಿರುವವರು, ಸೈನ್ಯದಲ್ಲಿದ್ದು ಬಂದವರು, 13 ತುಂಬಿದ ಮೇಲೆ ಸರ್ಕಾರ ಒಪ್ಪಿಸಿದ ಬದಲಿ ಪಾಲನೆಯಲ್ಲಿ, ಅಂದರೆ ಫಾಸ್ಟರ್ ಕೇರ್‌ನಲ್ಲಿದ್ದವರು, ಕೋರ್ಟು ಗಾರ್ಡಿಯನ್ ನೇಮಿಸಿದವರು, ಇಂಥವರಷ್ಟೇ ತಾವಾಗಿಯೇ ಇಂಡಿಪೆಂಡೆಂಟ್ ಆಗುತ್ತಾರೆ.

ಆದರೆ ನಿಮ್ಮ ಪ್ರಶ್ನೆಯಲ್ಲಿ ಎಲ್ಲಕ್ಕಿಂತ ಮುಖ್ಯವಾದ ಮಾತು ಆ ಸೋಫಾ. ಬೇರೆ ಗತಿಯಿಲ್ಲದೆ ಇನ್ನೊಬ್ಬರ ಮನೆಯಲ್ಲಿ ತಾತ್ಕಾಲಿಕವಾಗಿ ಇರುವುದು ಫೆಡರಲ್ ವ್ಯಾಖ್ಯೆಯ ಪ್ರಕಾರ ಮನೆಯಿಲ್ಲದ ಸ್ಥಿತಿಯೇ. ರಸ್ತೆಯಲ್ಲಿ ಅಥವಾ ಶೆಲ್ಟರಿನಲ್ಲಿ ಮಲಗಿರಬೇಕೆಂದಿಲ್ಲ. ನಮ್ಮವರಿಗೆ ಆ ಪದ ಬಾಯಲ್ಲಿ ಬರುವುದೇ ಇಲ್ಲ, ಅವಮಾನ ಎನಿಸುತ್ತದೆ. ಹಾಗಾಗಿ ಅರ್ಜಿಯಲ್ಲಿ ಇಲ್ಲ ಎಂದು ಗುರುತು ಹಾಕಿ ಹಕ್ಕಿನ ಹಣ ಬಿಟ್ಟುಕೊಡುತ್ತಾರೆ. ಇದಕ್ಕೆ ಪತ್ರ ಕೊಡಬಲ್ಲವರು: ಸ್ಕೂಲ್ ಡಿಸ್ಟ್ರಿಕ್ಟಿನ ಹೋಮ್‌ಲೆಸ್ ಲಿಯೇಸನ್ (ಮನೆಯಿಲ್ಲದ ವಿದ್ಯಾರ್ಥಿಗಳ ಸಂಪರ್ಕಾಧಿಕಾರಿ), ಶೆಲ್ಟರಿನ ಮುಖ್ಯಸ್ಥರು, ಬಡ ವಿದ್ಯಾರ್ಥಿಗಳನ್ನು ಕಾಲೇಜಿಗೆ ಸಜ್ಜುಗೊಳಿಸುವ ಟ್ರಿಯೋ ಅಥವಾ ಗಿಯರ್ ಅಪ್ ಕಾರ್ಯಕ್ರಮದ ನಿರ್ದೇಶಕರು. ಇವರಾರೂ ಸಿಗದಿದ್ದರೆ ಕಾಲೇಜಿನ ಫೈನಾನ್ಶಿಯಲ್ ಏಡ್ (ಹಣದ ನೆರವಿನ) ಆಫೀಸೇ ವಿಚಾರಿಸಿ ತೀರ್ಮಾನಿಸಬೇಕು. ಆಕೆ ಎಲ್ಲಿ, ಹೇಗೆ ಇದ್ದಾಳೆ ಎಂಬುದನ್ನು ನೋಡಬೇಕೇ ಹೊರತು ಮನೆ ಯಾಕೆ ಬಿಟ್ಟಳು ಎಂಬುದನ್ನಲ್ಲ.

ಮನೆಯಲ್ಲಿ ಹೊಡೆತ, ಬೆದರಿಕೆ ಇದ್ದರೆ, ಅಥವಾ ಸಂಪರ್ಕವೇ ಕಡಿದುಹೋಗಿದ್ದರೆ ದಾರಿ ಬೇರೆ. ಅದಕ್ಕೆ ಅರ್ಜಿಯಲ್ಲಿ ಅಸಾಮಾನ್ಯ ಪರಿಸ್ಥಿತಿಯ ಪ್ರಶ್ನೆ ಇದೆ. ಹೌದು ಎಂದರೆ ಹೆತ್ತವರ ಮಾಹಿತಿ ಇಲ್ಲದೆಯೇ ಅರ್ಜಿ ಮುಂದಕ್ಕೆ ಹೋಗುತ್ತದೆ, ತಾತ್ಕಾಲಿಕ ಇಂಡಿಪೆಂಡೆಂಟ್ ಸ್ಥಿತಿ ಸಿಗುತ್ತದೆ. ಆಮೇಲೆ ಕೌನ್ಸೆಲರ್, ಟೀಚರ್, ಸಮಾಜ ಕಾರ್ಯಕರ್ತರು, ಹೀಗೆ ವಿಷಯ ಗೊತ್ತಿರುವವರ ಪತ್ರ ಕೊಡಬೇಕು. ಆಕೆ ಸೇರಿದ 60 ದಿನದೊಳಗೆ ಕಾಲೇಜು ನಿರ್ಧಾರ ಹೇಳಬೇಕೆಂಬ ನಿಯಮವಿದೆ.

ಅದೇ ಅರ್ಜಿಯಲ್ಲಿ ಎಡವಿ ಬೀಳಿಸುವ ಒಂದು ಪ್ರಶ್ನೆಯೂ ಇದೆ. ಹೆತ್ತವರು ಮಾಹಿತಿ ಕೊಡಲೊಪ್ಪುತ್ತಿಲ್ಲ, ಬರೀ ಅನ್‌ಸಬ್ಸಿಡೈಸ್ಡ್ ಸಾಲ ಸಾಕೇ ಎಂದು ಕೇಳುವ ಪ್ರಶ್ನೆ. ಅಪ್ಪ ಒಪ್ಪುತ್ತಿಲ್ಲವಲ್ಲ ಎಂದು ಅಲ್ಲಿ ಹೌದು ಒತ್ತಿದರೆ ಪೆಲ್ ಕೈಬಿಟ್ಟು ಹೋಗುತ್ತದೆ, ಉಳಿಯುವುದು ಹಣ ಕೈಗೆ ಬಂದ ದಿನದಿಂದಲೇ ಬಡ್ಡಿ ಏರುವ ಸಾಲ. ಬೇರೆಲ್ಲ ಬಾಗಿಲು ತಟ್ಟಿ ನೋಡಿದ ಮೇಲಷ್ಟೇ ಅದನ್ನು ಒತ್ತಲಿ. ಕೆಲವು ಕಮ್ಯುನಿಟಿ ಕಾಲೇಜುಗಳು ಫೆಡರಲ್ ಸಾಲದ ವ್ಯವಸ್ಥೆಯಲ್ಲೇ ಇಲ್ಲ, ಅದನ್ನೂ ಮೊದಲೇ ಕೇಳಿಕೊಳ್ಳಿ.

ಬೆಳಗಿನಬಸ್:

ಲೆಕ್ಕಪತ್ರ ಅವರು ಹೇಳಿದ್ದಕ್ಕೆ ಒಂದು ಸೇರ್ಪಡೆ. ಕಾಲೇಜಿನ ಫೀಸು ಮನ್ನಾ ಆಗಲು ಪೆಲ್ ತೀರ್ಮಾನಕ್ಕೆ ಕಾಯಬೇಕಾಗಿಲ್ಲ. ಕ್ಯಾಲಿಫೋರ್ನಿಯಾದ ಕಮ್ಯುನಿಟಿ ಕಾಲೇಜುಗಳಲ್ಲಿ ಯೂನಿಟ್ಟಿಗೆ (ಕೋರ್ಸಿನ ಗಾತ್ರ ಅಳೆಯುವ ಲೆಕ್ಕ) 46 ಡಾಲರ್, 12 ಯೂನಿಟ್ಟಿಗೆ 552. ಕ್ಯಾಲಿಫೋರ್ನಿಯಾ ಕಾಲೇಜ್ ಪ್ರಾಮಿಸ್ ಗ್ರಾಂಟ್ ಈ ಮೊತ್ತವನ್ನು ಮನ್ನಾ ಮಾಡುತ್ತದೆ. ಅದಕ್ಕೆ ಪ್ರತ್ಯೇಕ ಅರ್ಜಿ ಇದೆ, ಅದರಲ್ಲಿ ಡಿಪೆಂಡೆಂಟ್ ನಿಯಮ ಫಾಫ್ಸಾಗಿಂತ ಸಡಿಲ: ಹೆತ್ತವರು ಟ್ಯಾಕ್ಸಿನಲ್ಲಿ ಆಕೆಯನ್ನು ತೋರಿಸದೆ, ಆಕೆ ಅವರ ಜೊತೆ ವಾಸವೂ ಇಲ್ಲದಿದ್ದರೆ ಈ ಮನ್ನಾದ ಮಟ್ಟಿಗೆ ಇಂಡಿಪೆಂಡೆಂಟ್ ಎಂದೇ ಉತ್ತರಿಸಬಹುದು. ಅಪ್ಪ ಟ್ಯಾಕ್ಸಿನಲ್ಲಿ ತೋರಿಸುತ್ತಿದ್ದರೆ ಈ ದಾರಿ ಮುಚ್ಚುತ್ತದೆ, ಅಮ್ಮನನ್ನು ಕೇಳಿ ತಿಳಿದುಕೊಳ್ಳಿ.

ಮನ್ನಾ ಸಿಕ್ಕಿದರೆ ಪೆಲ್ ಬಹುಪಾಲು ಕೈಗೇ ಬರುತ್ತದೆ, ಬಾಡಿಗೆಗೂ ಊಟಕ್ಕೂ ಬಳಸಬಹುದು. ಟೆನೆಸಿ ಪ್ರಾಮಿಸ್‌ನಂಥ ಬೇರೆ ರಾಜ್ಯದ ಯೋಜನೆಗಳಲ್ಲಿ ಪೆಲ್ ಮೊದಲು ಫೀಸಿಗೆ ಹೋಗುತ್ತದೆ, ಯೋಜನೆ ಉಳಿದ ಕೊರತೆಯನ್ನಷ್ಟೇ ತುಂಬುತ್ತದೆ. ಆ ದೃಷ್ಟಿಯಿಂದ ಕ್ಯಾಲಿಫೋರ್ನಿಯಾ ವಿದ್ಯಾರ್ಥಿಗೆ ಅನುಕೂಲ.

ರಾಜ್ಯ ಸರ್ಕಾರದ ನೆರವಾದ ಕ್ಯಾಲ್ ಗ್ರಾಂಟ್‌ಗೆ ಮಾರ್ಚ್ 2 ಕೊನೆ ದಿನ ಎಂದು ಎಲ್ಲರೂ ಹೇಳುತ್ತಾರೆ. ಕಮ್ಯುನಿಟಿ ಕಾಲೇಜಿನವರಿಗೆ ಸೆಪ್ಟೆಂಬರ್ 2ರ ಎರಡನೇ ಗಡುವೂ ಉಂಟು.

ಇನ್ನು ಆ 18 ಗಂಟೆ. ಅರ್ಧ ಹೊತ್ತು ಅಥವಾ ಹೆಚ್ಚು ಓದುವ ವಿದ್ಯಾರ್ಥಿಗೆ ಕ್ಯಾಲ್‌ಫ್ರೆಶ್ (ದಿನಸಿ ಕೊಳ್ಳಲು ಸರ್ಕಾರ ಕೊಡುವ ನೆರವು) ಸಿಗಬೇಕಾದರೆ ಯಾವುದಾದರೊಂದು ವಿನಾಯಿತಿ ಬೇಕು. ಸಾಮಾನ್ಯವಾದದ್ದು ವಾರಕ್ಕೆ 20 ಗಂಟೆ ಸಂಬಳದ ಕೆಲಸ. ಎರಡು ಗಂಟೆ ಹೆಚ್ಚಿಸಿಕೊಳ್ಳಲಾಗದಿದ್ದರೆ ವರ್ಕ್-ಸ್ಟಡಿ (ಏಡ್‌ನ ಭಾಗವಾಗಿ ಸಿಗುವ ಸಂಬಳದ ಕೆಲಸ) ಮಂಜೂರಾಗಿರಬೇಕು, ಅಥವಾ ಹಿಂದುಳಿದ ವಿದ್ಯಾರ್ಥಿಗಳಿಗೆ ನೆರವಾಗುವ ಕಾಲೇಜಿನ ಇ.ಒ.ಪಿ.ಎಸ್. ಕಾರ್ಯಕ್ರಮಕ್ಕೆ ಸೇರಬೇಕು. ಇ.ಒ.ಪಿ.ಎಸ್.ನಲ್ಲಿ ಪುಸ್ತಕದ ನೆರವು, ಕೌನ್ಸೆಲರ್ ಎರಡೂ ಇರುತ್ತವೆ, ಸಾಮಾನ್ಯವಾಗಿ 12 ಯೂನಿಟ್ ತೆಗೆದುಕೊಂಡಿರಬೇಕು. 22 ತುಂಬದವರು ಹೆತ್ತವರ ಮನೆಯಲ್ಲೇ ಇದ್ದರೆ ಇಡೀ ಮನೆಯ ಆದಾಯ ನೋಡುತ್ತಾರೆ. ಈಕೆಗೆ ಆ ತೊಡಕಿಲ್ಲ.

ಮೂರನೇಮಹಡಿ:

ಬಾಡಿಗೆಯ ವಿಷಯಕ್ಕೆ ಬರುತ್ತೇನೆ. ಇಲ್ಲಿ ಹೆಚ್ಚಿನವರು ಎಡವುವುದು ತಾರೀಕಿನಲ್ಲಿ. ಬಾಡಿಗೆ ಆಗಸ್ಟ್ 1ಕ್ಕೆ, ಏಡ್ ಹಣ ಕ್ಲಾಸು ಶುರುವಾದ ಮೇಲೆ. ಫೀಸು ಕಳೆದು ಖಾತೆಯಲ್ಲಿ ಉಳಿದದ್ದನ್ನು ಕಾಲೇಜು 14 ದಿನದೊಳಗೆ ಕೊಡಬೇಕು, ಆದರೆ ಆ ಎಣಿಕೆ ಕ್ಲಾಸು ಶುರುವಾಗುವ ಮೊದಲು ಆರಂಭವಾಗುವುದಿಲ್ಲ. ಮೊದಲ ವರ್ಷದಲ್ಲಿ ಮೊದಲ ಬಾರಿ ಸಾಲ ಪಡೆಯುವವರಿಗೆ ಹಲವು ಕಾಲೇಜುಗಳಲ್ಲಿ ಇನ್ನೂ 30 ದಿನ ಕಾಯಿಸುತ್ತಾರೆ. ತಡವಾಗಿ ಶುರುವಾಗುವ ಕ್ಲಾಸಿನ ಪಾಲು ಆ ಕ್ಲಾಸು ಶುರುವಾದ ಮೇಲೆಯೇ. ಹಾಗಾಗಿ ಮೊದಲ ತಿಂಗಳ ಬಾಡಿಗೆ, ಡಿಪಾಸಿಟ್ ಎರಡನ್ನೂ ಏಡ್ ಹಣದಿಂದ ಕಟ್ಟುವ ಲೆಕ್ಕ ಹಾಕಲೇಬೇಡಿ. ಅದಕ್ಕೆ ಆಕೆಯ ಸಂಬಳದ ಉಳಿತಾಯ ಅಥವಾ ಊಟ, ವಸತಿಯಂಥ ಅಗತ್ಯಗಳಿಗೆ ನೆರವಾಗುವ ಕಾಲೇಜಿನ ಬೇಸಿಕ್ ನೀಡ್ಸ್ ಸೆಂಟರಿನ ತುರ್ತು ನೆರವು ಬೇಕು. ಈ ರಾಜ್ಯದ ಪ್ರತಿ ಕಮ್ಯುನಿಟಿ ಕಾಲೇಜಿನಲ್ಲೂ ಆ ಸೆಂಟರ್ ಇರಬೇಕೆಂದು ಕಾನೂನೇ ಇದೆ. ಜುಲೈ ಮೊದಲ ವಾರದಲ್ಲೇ ಹೋಗಿ ಹೆಸರು ಕೊಡಲಿ. 211 ಎಂಬ ಸಹಾಯವಾಣಿಗೆ ಫೋನ್ ಮಾಡಿದರೆ ಕೌಂಟಿಯ ನೆರವು ಏನಿದೆ ಎಂದು ಹೇಳುತ್ತಾರೆ.

2025-26ರಲ್ಲಿ ಪೆಲ್ ಗರಿಷ್ಠ 7,395 ಡಾಲರ್. ಪೂರ್ತಿ ಸಿಕ್ಕರೂ ಸೆಮಿಸ್ಟರಿಗೆ ಸುಮಾರು 3,697. ಹನ್ನೆರಡು ತಿಂಗಳಿಗೆ ಹಂಚಿದರೆ ತಿಂಗಳಿಗೆ 616. ಬೇಸಿಗೆಯಲ್ಲಿ ಕ್ಲಾಸಿರುವುದಿಲ್ಲ, ಬಾಡಿಗೆ ಇರುತ್ತದೆ. ಆದ್ದರಿಂದ ಒಂಬತ್ತರಿಂದ ಭಾಗಿಸಬೇಡಿ.

ಇನ್ನೊಂದು: ಫಾಫ್ಸಾ ಈಗ ನೀವು ಎಲ್ಲಿ ವಾಸ ಮಾಡುತ್ತೀರಿ ಎಂದು ಕೇಳುವುದೇ ಇಲ್ಲ. ಹೆತ್ತವರ ಜೊತೆ ಇದ್ದಾಳೆಂದು ಕಾಲೇಜು ಅಂದುಕೊಂಡರೆ ವಾಸದ ಖರ್ಚನ್ನು ಕಡಿಮೆ ಹಿಡಿಯುತ್ತದೆ, ಅದರಿಂದ ಬೇರೆ ನೆರವಿನ ಮಿತಿ ಕುಗ್ಗುತ್ತದೆ. ಕಾಲೇಜಿನ ಪೋರ್ಟಲಿನಲ್ಲಿ ಕ್ಯಾಂಪಸ್ ಹೊರಗೆ, ಹೆತ್ತವರಿಂದ ಬೇರೆ ಎಂದು ಬದಲಿಸಬೇಕು.

ರೂಮಿನ ಬಗ್ಗೆ: 2024ರ ಜುಲೈ 1ರಿಂದ ಇಲ್ಲಿ ಡಿಪಾಸಿಟ್ ಒಂದು ತಿಂಗಳ ಬಾಡಿಗೆಗಿಂತ ಹೆಚ್ಚು ಕೇಳುವಂತಿಲ್ಲ (ಒಂದೆರಡು ಮನೆಯಷ್ಟೇ ಇರುವ ಸಣ್ಣ ಮಾಲೀಕರು ಎರಡು ತಿಂಗಳದ್ದು ಕೇಳಬಹುದು). ಬಾಡಿಗೆಯ ಮೂರು ಪಟ್ಟು ಆದಾಯ, ಕ್ರೆಡಿಟ್ ಸ್ಕೋರ್, ಇಲ್ಲವೇ ಕೋಸೈನರ್ (ಜೊತೆಗೆ ಸಹಿ ಹಾಕುವ ಜಾಮೀನುದಾರರು) ಕೇಳುವ ದೊಡ್ಡ ಅಪಾರ್ಟ್‌ಮೆಂಟುಗಳಲ್ಲಿ 18 ಗಂಟೆಯ ಸಂಬಳ ನಡೆಯುವುದಿಲ್ಲ. ಮನೆಯೊಳಗೆ ಒಂದು ರೂಮು ಬಾಡಿಗೆಗೆ ಕೊಡುವವರನ್ನು ಹುಡುಕುವುದೇ ಸರಿ. ಒಂದೇ ಬಾಡಿಗೆ ಕರಾರಿಗೆ ನಾಲ್ವರು ಸೇರಿ ಸಹಿ ಹಾಕಿದರೆ ತನ್ನ ಪಾಲಿಗಷ್ಟೇ ತಾನು ಹೊಣೆ ಎಂದುಕೊಳ್ಳಬಾರದು. ಒಬ್ಬರು ಬಿಟ್ಟು ಹೋದರೆ ಪೂರ್ತಿ ಬಾಡಿಗೆಯನ್ನು ಉಳಿದವರಿಂದ ಮಾಲೀಕರು ವಸೂಲಿ ಮಾಡಬಹುದು. ರೂಮು ರೂಮಿಗೂ ಬೇರೆ ಕರಾರು ಇದ್ದರೆ ಒಳ್ಳೆಯದು. ರೂಮು ಕಣ್ಣಾರೆ ನೋಡದೆ, ಬರಹದ ಕರಾರಿಲ್ಲದೆ ಒಂದು ಡಾಲರೂ ಕಳಿಸಬಾರದು.

ಕಡಿಮೆ ಆದಾಯದವರಿಗೆಂದು ಸರ್ಕಾರದ ತೆರಿಗೆ ರಿಯಾಯಿತಿ (ಟ್ಯಾಕ್ಸ್ ಕ್ರೆಡಿಟ್) ಪಡೆದು ಕಟ್ಟಿದ ಅಪಾರ್ಟ್‌ಮೆಂಟುಗಳಿವೆ, ಆದರೆ ಮನೆಯ ಎಲ್ಲರೂ ಪೂರ್ಣಾವಧಿ ವಿದ್ಯಾರ್ಥಿಗಳಾದರೆ ಸಾಮಾನ್ಯವಾಗಿ ಕೊಡುವುದಿಲ್ಲ. ಜೊತೆಗಿರುವ ಒಬ್ಬರು ವಿದ್ಯಾರ್ಥಿಯಲ್ಲದಿದ್ದರೆ ಆ ಅಡ್ಡಿ ಇಲ್ಲ.

ಕಾವೇರಿತೀರ:

ಎಲ್ಲರಿಗೂ ತುಂಬಾ ಧನ್ಯವಾದ. ನಿನ್ನೆ ಅವಳ ಅಮ್ಮನ ಜೊತೆ ಮಾತಾಡಿದೆ. ಅವರು ಸಹಿ ಹಾಕಲು ಸಿದ್ಧರಿದ್ದಾರೆ, ಗಂಡನದ್ದೂ ಬೇಕೇನೋ ಎಂಬ ಭಯ. ಟ್ಯಾಕ್ಸ್ ಇಬ್ಬರೂ ಜೊತೆಯಾಗಿಯೇ ಸಲ್ಲಿಸುತ್ತಾರೆ, ಮಗಳನ್ನೂ ಅದರಲ್ಲಿ ತೋರಿಸಿದ್ದಾರಂತೆ. ಅಮ್ಮ ಸಹಿ ಹಾಕಿಬಿಡಬಹುದೇ? ಕೆಲಸದ ಕಾರಣ ಮೊದಲ ಸೆಮಿಸ್ಟರಿಗೆ 9 ಯೂನಿಟ್ ಸಾಕೆಂದಿದ್ದಾಳೆ, ಅದು ಪರವಾಗಿಲ್ಲವೇ?

ಲೆಕ್ಕಪತ್ರ:

ಜಂಟಿಯಾಗಿ ಟ್ಯಾಕ್ಸ್ ಸಲ್ಲಿಸಿದ ದಂಪತಿಯಲ್ಲಿ ಒಬ್ಬರ ಸಹಿ, ಒಪ್ಪಿಗೆ ಸಾಕು. ಅಮ್ಮ ತಮ್ಮದೇ ಈಮೇಲಿನಿಂದ ತಮ್ಮದೇ ಖಾತೆ ತೆರೆಯಬೇಕು. ಮಗಳ ಖಾತೆಯಿಂದ ಸಹಿ ಹಾಕುವಂತಿಲ್ಲ. ಟ್ಯಾಕ್ಸ್ ಮಾಹಿತಿ ತೆರಿಗೆ ಇಲಾಖೆಯಾದ ಐ.ಆರ್.ಎಸ್.ನಿಂದ ನೇರವಾಗಿ ಬರುತ್ತದೆ, ಅದರ ಅಂಕಿಗಳು ಮಗಳಿಗೆ ಕಾಣುವುದಿಲ್ಲ. ಫಾಫ್ಸಾಗೆ ಸಹಿ ಹಾಕಿದ ಮಾತ್ರಕ್ಕೆ ಮಗಳ ಸಾಲಕ್ಕೆ ಅಮ್ಮ ಜಾಮೀನು ಆಗುವುದೂ ಇಲ್ಲ. ಈ ಎರಡು ಮಾತು ಅಪ್ಪನಿಗೆ ತಿಳಿದರೆ ಅವರ ಬಿಗಿಯೂ ಸ್ವಲ್ಪ ಸಡಿಲವಾಗಬಹುದು.

ಆದರೆ ಅವಸರ ಬೇಡ. ಅಮ್ಮ ಸಹಿ ಹಾಕಿದರೆ ಮನೆಯ ಆದಾಯವೆಲ್ಲ ಲೆಕ್ಕಕ್ಕೆ ಬರುತ್ತದೆ. ಇಬ್ಬರು ಹೆತ್ತವರಿರುವ ಮನೆಯ ಆದಾಯ ಬಡತನ ಮಟ್ಟದ ಶೇ. 175ರ ಒಳಗಿದ್ದರೆ ಪೂರ್ತಿ ಪೆಲ್, ಶೇ. 275ರ ಒಳಗಿದ್ದರೆ ಕನಿಷ್ಠ ಪೆಲ್ ಖಚಿತ. ಅದಕ್ಕಿಂತ ಬಹಳ ಮೇಲಿದ್ದರೆ ಹೆಚ್ಚೂಕಡಿಮೆ ಸೊನ್ನೆ. ಆಕೆ ಮನೆಯಿಲ್ಲದ ಸ್ಥಿತಿಯಲ್ಲಿದ್ದಾಳೆಂದು ತೀರ್ಮಾನವಾದರೆ ಆಕೆಯ 18 ಗಂಟೆಯ ಸಂಬಳವನ್ನಷ್ಟೇ ನೋಡುತ್ತಾರೆ. ಹಾಗಾಗಿ ಮೊದಲು ಏಡ್ ಆಫೀಸಿನಲ್ಲಿ ಫಾಸ್ಟರ್ ಮತ್ತು ಹೋಮ್‌ಲೆಸ್ ವಿದ್ಯಾರ್ಥಿಗಳ ಲಿಯೇಸನ್ ಯಾರೆಂದು ಕೇಳಿ, ಇರುವ ಪರಿಸ್ಥಿತಿಯನ್ನು ಇದ್ದ ಹಾಗೇ ಹೇಳಲಿ. ಗೆಳತಿಯ ತಾಯಿಯಿಂದ ಎಂದಿನಿಂದ ಇದ್ದಾಳೆ, ಎಂದಿನ ತನಕ ಇರಬಹುದು ಎಂದು ತಾರೀಕು ಸಹಿತ ಒಂದು ಪತ್ರ ಬರೆಸಿಕೊಂಡು ಹೋಗಲಿ. ಆಗದು ಎಂದು ಬರಹದಲ್ಲಿ ಬಂದರೆ ಆಗ ಅಮ್ಮನ ಸಹಿ.

ಟ್ಯಾಕ್ಸಿನಲ್ಲಿ ತೋರಿಸಿದ್ದಾರೆಂದರೆ ಬೆಳಗಿನಬಸ್ ಅವರು ಹೇಳಿದ ಸಡಿಲ ನಿಯಮ ಈ ಸಲ ಕಷ್ಟ. ಫೀಸು ಮನ್ನಾವೂ ಮನೆಯಿಲ್ಲದ ಸ್ಥಿತಿಯ ಇದೇ ತೀರ್ಮಾನದ ಮೇಲೆ ನಿಲ್ಲುತ್ತದೆ.

9 ಯೂನಿಟ್ಟಿಗೆ ಪೆಲ್ ಶೇ. 75, 6ಕ್ಕೆ ಶೇ. 50, 12ಕ್ಕೆ ಪೂರ್ತಿ. 12 ತೆಗೆದುಕೊಂಡು ಮಧ್ಯದಲ್ಲಿ ಎಲ್ಲ ಬಿಡುವುದಕ್ಕಿಂತ 9 ಮುಗಿಸುವುದು ಎಷ್ಟೋ ಮೇಲು. ಸೆಮಿಸ್ಟರಿನ ಶೇ. 60 ಕಳೆಯುವ ಮೊದಲು ಎಲ್ಲ ಕ್ಲಾಸು ಬಿಟ್ಟರೆ ಬಂದ ಹಣದಲ್ಲಿ ಒಂದಷ್ಟು ವಾಪಸು ಕಟ್ಟಬೇಕಾಗುತ್ತದೆ, ಆ ಬಾಕಿ ತೀರುವ ತನಕ ಮುಂದಿನ ಏಡ್ ನಿಲ್ಲಬಹುದು. ಹೇಳದೆ ಕೇಳದೆ ಹೋಗುವುದನ್ನು ನಿಲ್ಲಿಸಿ ಎಲ್ಲದರಲ್ಲೂ ಫೇಲಾದರೂ ಅದೇ ಲೆಕ್ಕ.

ಕೊನೆಗೆ, ಅರ್ಜಿಯಲ್ಲಿ ಮೇಜರ್ (ಮುಖ್ಯ ವಿಷಯ) ಇನ್ನೂ ನಿರ್ಧರಿಸಿಲ್ಲ ಎಂದು ಬಿಡಬೇಡಿ. ನರ್ಸಿಂಗ್‌ನ ಪೂರ್ವತಯಾರಿ ಎಂಬುದು ಬಹಳ ಕಡೆ ಡಿಗ್ರಿಯೇ ಅಲ್ಲ, ಏಡ್‌ಗೆ ಅರ್ಹವಾದ ಡಿಗ್ರಿಯೊಂದನ್ನು ಹೆಸರಿಸಬೇಕು. ಪೆಲ್ ಸಿಗುವುದು ಆ ಡಿಗ್ರಿಗೆ ಬೇಕಾದ ಯೂನಿಟ್ಟುಗಳಿಗೆ ಮಾತ್ರ, ಆದ್ದರಿಂದ ಕ್ಲಾಸು ಆರಿಸುವ ಮೊದಲೇ ಕೌನ್ಸೆಲರ್ ಹತ್ತಿರ ಕೂತು ಪಟ್ಟಿ ಮಾಡಿಸಿಕೊಳ್ಳಲಿ.