ರೋಮ್‌ನಲ್ಲಿ ಮಧ್ಯಾಹ್ನದ ಊಟ: ಮೊಟ್ಟೇನೂ ತಿನ್ನದ ಅಪ್ಪ ಅಮ್ಮನ್ನ ಟ್ರಟ್ಟೋರಿಯಾಗೆ ಕರ್ಕೊಂಡು ಹೋಗ್ಬಹುದಾ?

ತುಂಗಾತೀರ:
ಎಲ್ರಿಗೂ ನಮಸ್ಕಾರ. ಆಗಸ್ಟ್‌ನಲ್ಲಿ ಅಪ್ಪ ಅಮ್ಮನ್ನ ರೋಮ್‌ಗೆ ಕರ್ಕೊಂಡು ಹೋಗ್ತಿದೀನಿ. ಇಬ್ರೂ ಪಕ್ಕಾ ವೆಜ್, ಮೊಟ್ಟೇನೂ ಇಲ್ಲ, ಈರುಳ್ಳಿ ಬೆಳ್ಳುಳ್ಳಿ ಪರವಾಗಿಲ್ಲ. ಟೆರ್ಮಿನಿ ಸ್ಟೇಷನ್ ಸುತ್ತಮುತ್ತ ಇಂಡಿಯನ್ ಹೋಟ್ಲುಗಳಿವೆ, ರಾತ್ರಿಗೆ ಅಲ್ಲಿ ನಡಿಯತ್ತೆ. ಆದ್ರೆ ಅಪ್ಪಂಗೆ ತುಂಬಾ ಆಸೆ, ಅಷ್ಟು ದೂರ ಹೋದ್ಮೇಲೆ ಆ ಊರಿನವ್ರು ಕೂತು ಉಣ್ಣೋ ಕಡೆ ಒಂದು ಮಧ್ಯಾಹ್ನನಾದ್ರೂ ಊಟ ಮಾಡ್ಬೇಕು, ಚೈನ್ ಅಲ್ಲ, ಮನೆಯವ್ರೇ ನಡೆಸೋ ಸಣ್ಣ ಹೋಟ್ಲು, ಅದೇ ಟ್ರಟ್ಟೋರಿಯಾ, ಬೇಕು ಅಂತ. ಅಮ್ಮ ಮಾತ್ರ ನಾನು ಚಪಾತಿ ಚಟ್ನಿಪುಡಿ ಕಟ್ಕೊಂಡ್ ಬರ್ತೀನಿ ನೀವಿಬ್ರು ತಿನ್ನಿ ಅಂತಿದಾರೆ. ಅವ್ರನ್ನ ಹಂಗೆ ಕೂರಿಸಿ ನಾವು ತಿನ್ನೋಕೆ ನಂಗೆ ಮನಸ್ಸಿಲ್ಲ. ಏನು ಆರ್ಡರ್ ಮಾಡ್ಬೇಕು, ಹೇಗೆ ಕೇಳ್ಬೇಕು ಸ್ವಲ್ಪ ಹೇಳಿ.

ಟೊರಿನೋ_ಕನ್ನಡಿಗ:
ಖಂಡಿತ ಹೋಗಿ. ಆದ್ರೆ ವೆಜಿಟೇರಿಯಾನೋ ಅಂದ್ರೆ ಸಾಕು ಅಂದ್ಕೋಬೇಡಿ, ಅಲ್ಲಿ ಅದ್ರಲ್ಲಿ ಮೊಟ್ಟೆ ಸೇರತ್ತೆ. "ಸೆಂಜಾ ಕಾರ್ನೆ, ಸೆಂಜಾ ಪೆಶೆ, ಸೆಂಜಾ ಉವೋವಾ" ಅಂತ ಮೂರನ್ನೂ ಬಿಡಿಸಿ ಹೇಳಿ, ಮಾಂಸ ಮೀನು ಮೊಟ್ಟೆ ಇಲ್ದೆ ಅಂತ. ಮೊಟ್ಟೆ ವಿಷ್ಯದಲ್ಲಿ ಇನ್ನೊಂದು ಅನುಕೂಲ ಇದೆ, ಯುರೋಪಿನ ನಿಯಮದ ಪ್ರಕಾರ 14 ಅಲರ್ಜಿ ಪದಾರ್ಥಗಳಲ್ಲಿ ಯಾವುದು ಯಾವ ಅಡುಗೇಲಿದೆ ಅಂತ ಹೋಟ್ಲಿನವ್ರು ತಿಳಿಸ್ಲೇಬೇಕು, ಮೊಟ್ಟೆ ಮೀನು ಹಾಲು ಎಲ್ಲಾ ಅದ್ರಲ್ಲಿದೆ. "ಅಲ್ಲೆರ್ಜೆನಿ" ಅಂತ ಕೇಳಿ. ಮಾಂಸ ಆ ಪಟ್ಟೀಲಿ ಬರಲ್ಲ, ಅದನ್ನ ಬಾಯಲ್ಲೇ ಕೇಳ್ಬೇಕು. ಸೂಪು, ರಿಸೊಟ್ಟೋ ಅನ್ನೋ ಅನ್ನದ ಅಡುಗೆಗೆ ಮಾಂಸ ಬೇಯಿಸಿದ ನೀರು (ಸ್ಟಾಕ್) ಹಾಕಿರೋದು ಮಾಮೂಲಿ, "ಬ್ರೋದೋ ದಿ ಕಾರ್ನೆ?" ಅಂತ ಕೇಳದೆ ತಗೋಬೇಡಿ.

ಒಗ್ಗರಣೆಡಬ್ಬಿ:
ಪಾಸ್ತಾದಲ್ಲಿ ಎರಡು ಜಾತಿ. ಒಣ ಪಾಸ್ತಾ, ಅಂದ್ರೆ ಸ್ಪಗೆಟ್ಟಿ ಪೆನ್ನೆ ರಿಗತೋನಿ, ಇವು ಸಾಮಾನ್ಯವಾಗಿ ಡ್ಯೂರಮ್ ಗೋಧಿ ರವೆ ಮತ್ತೆ ನೀರು ಅಷ್ಟೇ. ಹಸಿ ಪಾಸ್ತಾ, ಅಂದ್ರೆ ಫೆತ್ತುಚೀನೆ ರವಿಯೋಲಿ ತರದ್ದು, ಮೊಟ್ಟೆ ಹಾಕಿ ಕಲಸಿರ್ತಾರೆ. ರೋಮ್‌ನ ಹೆಸರುವಾಸಿ ಕಾರ್ಬೊನಾರಾ, ಅಮಾತ್ರಿಚಾನಾ, ಗ್ರಿಚಾ ಮೂರಕ್ಕೂ ಹಂದಿ ಕೆನ್ನೆ ಮಾಂಸ ಬೀಳತ್ತೆ, ಬಿಡಿ. ಕಾಚೋ ಎ ಪೇಪೆ ಬರೀ ಚೀಸು ಮೆಣಸು, ಆದ್ರೆ ಅದಕ್ಕೆ ಹಾಕೋ ಪೆಕೊರೀನೋ ರೊಮಾನೋ ಚೀಸನ್ನ ಕುರಿಮರಿ ಹೊಟ್ಟೆಯಿಂದ ತೆಗೆದ ರೆನೆಟ್ (ಹಾಲು ಒಡೆಸೋ ಪದಾರ್ಥ) ಹಾಕಿ ಮಾಡ್ತಾರೆ, ಪಾರ್ಮಿಜಾನೋ ಚೀಸಿಗೆ ಕರುವಿನದ್ದು. ಇದನ್ನ ಅಮ್ಮಂಗೆ ಮೊದ್ಲೇ ಹೇಳಿಬಿಡಿ, ಊಟ ಆದ್ಮೇಲೆ ಗೊತ್ತಾದ್ರೆ ಅವ್ರಿಗೆ ನೋವಾಗತ್ತೆ.

ತುಂಗಾತೀರ:
ಅಯ್ಯೋ ಇದು ಗೊತ್ತೇ ಇರ್ಲಿಲ್ಲ. ಅಮ್ಮನ್ನ ಕೇಳಿದೆ, ಹಾಗಿದ್ರೆ ಚೀಸೇ ಬೇಡ ಅಂದ್ರು. ಇನ್ನೇನು ಉಳೀತು?

ಒಗ್ಗರಣೆಡಬ್ಬಿ:
ಬೇಕಾದಷ್ಟಿದೆ! ಪೆನ್ನೆ ಆರಾಬ್ಯಾತಾ ರೋಮ್ ಕಡೇದೇ, ಟೊಮ್ಯಾಟೊ ಬೆಳ್ಳುಳ್ಳಿ ಒಣಮೆಣಸಿನಕಾಯಿ, "ಸೆಂಜಾ ಫೊರ್ಮಾಜೋ" ಅಂದ್ರೆ ಚೀಸ್ ಉದುರಿಸಲ್ಲ. ಚಿಕೋರಿಯಾ ರಿಪಸ್ಸಾತಾ ಇರತ್ತೆ, ಸೊಪ್ಪು ಬೇಯಿಸಿ ಬೆಳ್ಳುಳ್ಳಿ ಮೆಣಸಿನಕಾಯಲ್ಲಿ ಬಾಡಿಸಿದ್ದು, ಸ್ವಲ್ಪ ಕಹಿ, ನಮ್ಮ ಮೆಂತ್ಯ ಸೊಪ್ಪಿನ ಪಲ್ಯ ತಿನ್ನೋರಿಗೆ ಖಂಡಿತ ಹಿಡಿಸತ್ತೆ. ಬೇಸಿಗೇಲಿ ಪೊಮೊದೋರಿ ಅಲ್ ರೀಸೋ ಸಿಗತ್ತೆ, ದೊಡ್ಡ ಟೊಮ್ಯಾಟೊ ಒಳಗೆ ಅಕ್ಕಿ ತುಂಬಿ ಆಲೂಗಡ್ಡೆ ಜೊತೆ ಓವನ್‌ನಲ್ಲಿ ಬೇಯಿಸಿದ್ದು, ನಂಗೆ ಆ ಊರಲ್ಲಿ ಇದಕ್ಕಿಂತ ಇಷ್ಟವಾದ ಅಡುಗೆ ಇಲ್ಲ. ಕುಂಬಳಹೂವಿನ ಬಜ್ಜಿ ನೋಡಿ ಖುಷಿಯಾಗಿ ತಗೊಂಡ್ಬಿಟ್ಟೀರಾ, ಅದ್ರೊಳಗೆ ಆಂಚೊವಿ ಮೀನಿರತ್ತೆ. ಸುಪ್ಲೀ ಅನ್ನೋ ಕರಿದ ಅನ್ನದ ಉಂಡೇಲಿ ಮಾಂಸದ ಸಾಸ್ ಇರೋದೇ ಹೆಚ್ಚು. ತಿರಮಿಸುಗೆ ಹಸಿ ಮೊಟ್ಟೆ, ಪನ್ನಾ ಕೊಟ್ಟಾಗೆ ಪ್ರಾಣಿಗಳ ಮೂಳೆ ಚರ್ಮದಿಂದ ಮಾಡೋ ಜೆಲಾಟಿನ್, ಸಿಹಿಗೆ ಹಣ್ಣೇ ವಾಸಿ.

ಕಾಫಿತೋಟ:
ಆಗಸ್ಟ್ ಅಂದ್ರಲ್ಲ, ಅದೊಂದು ನೋಡ್ಕೊಳ್ಳಿ. 15ನೇ ತಾರೀಕು ಫೆರಗೋಸ್ತೋ ಹಬ್ಬ, ಅದ್ರ ಹಿಂದೆಮುಂದೆ ಮನೆಯವ್ರೇ ನಡೆಸೋ ಎಷ್ಟೋ ಹೋಟ್ಲುಗಳು ವಾರಗಟ್ಲೆ ಬಾಗಿಲು ಹಾಕಿರ್ತವೆ, ನೀವು ಹುಡುಕ್ತಿರೋದು ಅಂಥದ್ದೇ ಆದ್ರಿಂದ ಹಿಂದಿನ ದಿನ ಫೋನ್ ಮಾಡಿ ಟೇಬಲ್ ಹೇಳಿಡಿ, ಊಟದ ಕಟ್ಟುಪಾಡೂ ಆಗ್ಲೇ ಹೇಳ್ಬಹುದು. ರೋಮ್‌ನ ಟೆಸ್ಟಾಚೋ ಬಡಾವಣೆ ಕಡೆ ನೋಡಿ. ಬಾಗಿಲಲ್ಲಿ ನಿಂತು ಕರಿಯೋರು, ಫೋಟೋ ಮೆನು ಇರೋ ಕಡೆ ಬೇಡ. ಒಂದು ಗಂಟೆಗೆಲ್ಲಾ ಕೂತ್ಬಿಡಿ, ಮೂರರ ಹೊತ್ತಿಗೆ ಅಡುಗೆಮನೆ ಮುಚ್ಚಿದ್ರೆ ಮತ್ತೆ ಏಳರ ಮೇಲೇ ತೆಗಿಯೋದು, ವಯಸ್ಸಾದೋರು ಹಸ್ಕೊಂಡು ಇರ್ಬೇಕಾಗತ್ತೆ. ನೀರಿಗೆ ದುಡ್ಡು, ಬಿಲ್ಲಲ್ಲಿ ಪಾನೆ ಅಂತ ಬ್ರೆಡ್ಡಿಗೂ ಸ್ವಲ್ಪ ಸೇರಿರತ್ತೆ, ಬೇಡ ಅಂದ್ರೆ ಮೊದ್ಲೇ ಹೇಳಿ. ಆಮೇಲೆ ಬಿಲ್ ಅವ್ರಾಗೇ ತರಲ್ಲ, ಎಷ್ಟೊತ್ತು ಬೇಕಾದ್ರೂ ಮಾತಾಡ್ಕೊಂಡು ಕೂತಿರಿ, ಹೊರಡೋವಾಗ "ಇಲ್ ಕೊಂತೋ" ಅಂತ ಕೇಳಿ.